ಬೆಲ್ಲ, ಕೊಬ್ಬರಿ ಮತ್ತು ಜನ್ನತಬಿಯ ಅಮಾನತ್ತು

ಸವಣೂರಿನಲ್ಲಿ ಸೇವು, ಖಾರದ ಅಂಗಡಿಗಳಿಗೇನು ಬರವಿಲ್ಲ. ಆದರೂ ಜನ್ನತಬಿಯ ಖಾರ ತಿಂದವರು ಕಣ್ಣಲ್ಲಿ ನೀರು ಸುರಿಸುತ್ತಲೇ ಇನ್ನೊಂದು ಪೊಟ್ಟಣಕ್ಕೆ ಕೈ ಚಾಚುತ್ತಾರೆ. ಆಕೆ ಬಾಣಲೆಯ ಮುಂದೆ ಕುಳಿತರೆ ಒಲೆಗಿಂತ ಮೊದಲು ಮಾತು ಹತ್ತಿಕೊಳ್ಳುತ್ತದೆ. ಗಿರಾಕಿ, ಗಂಡ, ಗೋಡೆಯ ಮೇಲಿನ ಕಾಗೆ, ಯಾರನ್ನೂ ಬಿಟ್ಟವಳಲ್ಲ. ಗಂಡ ದಾದಾಪೀರ ಮಾತ್ರ ಸೇವು ಒತ್ತುತ್ತಾ "ಹ್ಞೂಂ" ಎನ್ನುತ್ತಾನೆ. ಅವರ ಸಂಸಾರ ಸಾಗಿ ಬಂದದ್ದೇ ಆ "ಹ್ಞೂಂ" ಮೇಲೆ.

ಬಾಯಿ ಎಷ್ಟು ಜೋರೋ ಕೊಟ್ಟ ಮಾತೂ ಅಷ್ಟೇ ಗಟ್ಟಿ. ಓಣಿಯವರು ಊರಿಗೆ ಹೋಗುವಾಗ ಮನೆಯ ಕೀಲಿ ಕೊಡುವುದು ಆಕೆಯ ಕೈಗೇ. ಒಬ್ಬರು ನಂಬಿ ಇಟ್ಟು ಹೋದದ್ದು ಅಮಾನತ್ತು. ಸೂಜಿ ಇಟ್ಟರೂ ಮೊನೆ ಮುರಿಯದಂತೆ ತಿರುಗಿ ಕೊಡಬೇಕು ಎಂದು ಆಕೆಯ ಅವ್ವ ಹೇಳಿಕೊಟ್ಟಿದ್ದಳು.

ಒಂದು ಮುಂಜಾನೆ ಪಕ್ಕದ ಮನೆಯ ತನುಜಾ, ಬ್ಲೌಸ್ ಹೊಲಿಯುವ ಹುಡುಗಿ, ಒಂದು ಪಂಜರ ಹಿಡಿದು ಬಂದಳು.

"ಚಾಚಿ, ರಂಜನಕ್ಕನ ಹೆರಿಗಿಗೆ ಹಿರೇಕೆರೂರಿಗೆ ಹೊಂಟೇನ್ರಿ. ನಾ ಬರೂತನಕ ಇವನ್ನ ನೀವ ನೋಡ್ಕೋಬೇಕು."

ಒಳಗೆ ಎರಡು ಗಿನಿಪಿಗ್ ಮರಿಗಳು. ಕಂದು ಬಣ್ಣದ್ದು ಬೆಲ್ಲ, ಬಿಳಿಯದು ಕೊಬ್ಬರಿ. ಕೆಲವೇ ದಿನಗಳ ಹಿಂದೆ ತನುಜಾ ಅವನ್ನು ಹುಬ್ಬಳ್ಳಿಯಿಂದ ತಂದಿದ್ದಳು.

ಜನ್ನತಬಿ ಬಗ್ಗಿ ನೋಡಿದಳು. "ಬಾಲ ಎಲ್ಲೈತಿ? ಹುಬ್ಬಳ್ಳ್ಯಾಗ ಬಿಟ್ಟ ಬಂದಿ ಏನ?"

"ಇವಕ್ಕ ಬಾಲ ಇರೂದಿಲ್ರಿ ಚಾಚಿ! ಹುಲ್ಲ, ಕೊತ್ತಂಬರಿ, ಸವತಿಕಾಯಿ ಹಾಕ್ರಿ, ಸಾಕು."

"ಹೋಗ, ಚಿಂತಿ ಮಾಡಬ್ಯಾಡ. ನಿನ್ನ ಅಮಾನತ್ತ ನನ್ನ ಕಡೆ ಐತಿ."

ಮೊದಮೊದಲು ಮರಿಗಳು ಕಲ್ಲಿನಂತೆ ಕುಳಿತವು. ಬಟ್ಟಲಿನ ಸಪ್ಪಳವಾದರೂ ಮೂಲೆಗೆ ಓಡಿ, ಒಂದರ ಹಿಂದೆ ಇನ್ನೊಂದು ತಲೆ ತೂರಿಸುತ್ತಿದ್ದವು. ಜನ್ನತಬಿ ಪಂಜರವನ್ನು ಒಲೆಯಿಂದ ದೂರ, ಹೊಗೆ ಬರದ ಪಡಸಾಲೆಯಲ್ಲಿಟ್ಟು, ಮೇಲೆ ಅರ್ಧ ದುಪ್ಪಟಿ ಹೊದಿಸಿದಳು. ಬರಬರುತ್ತಾ ಅವು ಬಾಯಿ ಬಿಟ್ಟವು. ಸೊಪ್ಪಿನ ಚೀಲ ಸರಸರ ಎಂದರೆ ಸಾಕು, ಎರಡೂ ಮುಂಗಾಲೆತ್ತಿ "ವ್ಹೀಕ್, ವ್ಹೀಕ್" ಎಂದು ಸೀಟಿ ಹೊಡೆಯುತ್ತಿದ್ದವು. ತೊಡೆಯ ಮೇಲೆ ಕೂರಿಸಿಕೊಂಡು ಕಿವಿಯ ಹಿಂದೆ ಸವರಿದರೆ ಕೊಬ್ಬರಿ ಸಣ್ಣಗೆ ಗುರುಗುಟ್ಟುತ್ತಿತ್ತು. ಅದರ ಪಾಲಿನ ಸವತಿಕಾಯಿಗೆ ಬೆಲ್ಲ ಮೂಗು ಹಾಕಿದರೆ ಕೊಬ್ಬರಿ ಹಲ್ಲು ಕಟಕಟ ಕಡಿಯುತ್ತಿತ್ತು.

"ನೋಡ್ರಿ, ಈ ಮನ್ಯಾಗ ನನಗ ಜವಾಬ ಕೊಡೋರ ಬಂದ್ರು," ಎಂದಳು ಜನ್ನತಬಿ.

"ಹ್ಞೂಂ," ಎಂದ ದಾದಾಪೀರ.

ಎಲ್ಲ ಸುಸೂತ್ರವಿದ್ದಾಗಲೇ ಎಡವಟ್ಟಾಯಿತು. ಒಂದು ದಿನ ಪಂಜರ ಗುಡಿಸಿ, ಹಸಿ ಹುಲ್ಲು ಹಾಸಿದಳು. ಬೆಲ್ಲ ಎರಡು ಹೆಜ್ಜೆ ಓಡಿತು. ಇದ್ದಕ್ಕಿದ್ದಂತೆ ನೆಲ ಬಿಟ್ಟು ಮೇಲಕ್ಕೆ ಹಾರಿ, ಗಾಳಿಯಲ್ಲೇ ಮೈ ತಿರುಚಿ, ತಲೆ ಒಂದು ಕಡೆ, ಕಾಲು ಇನ್ನೊಂದು ಕಡೆ ಒದರಿ ಕೆಳಗೆ ಬಿತ್ತು. ಮರುಗಳಿಗೆಯಲ್ಲೇ ಕೊಬ್ಬರಿಯೂ ಹಾಗೇ ಮಾಡಿತು.

"ಯಾ ಅಲ್ಲಾ! ಫಿಟ್ಸ್ ಬಂತು!"

ಮೂರ್ಛೆ ಬಂದವರಿಗೆ ನಮ್ಮ ಕಡೆ ಏನು ಮಾಡುತ್ತಾರೋ ಅದನ್ನೇ ಆಕೆ ಮಾಡಿದಳು. ಉಳ್ಳಾಗಡ್ಡಿ ಗುದ್ದಿ ಬೆಲ್ಲನ ಮೂಗಿಗೆ ಹಿಡಿದಳು. ಬೀಗದ ಕೈ ಗೊಂಚಲನ್ನು ಕೊಬ್ಬರಿಯ ಮುಂಗಾಲಿಗೆ ಒತ್ತಿದಳು. ಬೆಲ್ಲ ಸೀನಿ, ಹಲ್ಲು ಕಟಕಟಿಸಿ, ಆಕೆಗೆ ಬೆನ್ನು ತಿರುಗಿಸಿ ಕುಳಿತಿತು. ಅದು ಸುಮ್ಮನಾದದ್ದನ್ನು ಕಂಡು ಮದ್ದು ಹತ್ತಿತೆಂದು ಆಕೆ ಉಸಿರು ಬಿಟ್ಟಳು. ಆದರೆ ಮರುದಿನ ಹುಲ್ಲು ಹಾಕಿದಾಗ ಮತ್ತೆ ಅದೇ ಹಾರಾಟ, ಮತ್ತೆ ಉಳ್ಳಾಗಡ್ಡಿ.

ಸಂಜೆ ತನುಜಾಳ ಫೋನು. "ಮರಿ ಹೆಂಗದಾವ್ರಿ ಚಾಚಿ?"

ಹೆರಿಗೆಯ ಮನೆಗೆ ಕೆಟ್ಟ ಸುದ್ದಿ ಮುಟ್ಟಿಸಬಾರದು. "ಮಸ್ತ ಅದಾವ ತೊಗೊ," ಎಂದು ಫೋನಿಟ್ಟ ಜನ್ನತಬಿ ರೊಟ್ಟಿಯ ತಾಟು ಸರಿಸಿ ಪಂಜರದ ಮುಂದೆ ಕುಳಿತಳು. ಇನ್ನೊಬ್ಬರ ಜೀವ ತನ್ನ ಕೈಯಲ್ಲಿ ಹೋದರೆ ಆ ಹುಡುಗಿಗೆ ಹೇಗೆ ಮುಖ ತೋರಿಸುವುದು? ಬಾಣಲೆಯ ಮುಂದೆ ಮಾತು ನಿಂತಿತು. ಖಾರಕ್ಕೆ ಉಪ್ಪು ಹಾಕುವುದೂ ಮರೆತುಹೋಯಿತು.

"ಚಾಚಿ, ಇವತ್ತ ನಿಮ್ಮ ಖಾರಾ ನಮ್ಮ ಅತ್ತಿ ಮಾಡಿದ್ಹಂಗ ಐತಿ," ಎಂದು ಗಿರಾಕಿ ಮಹಾಲಿಂಗಪ್ಪ ಕೆಣಕಿದರೂ ಆಕೆ ಬೈಯಲಿಲ್ಲ.

ಹೆಂಡತಿ ಬೈಯಲಿಲ್ಲವೆಂದ ಮೇಲೆ ದಾದಾಪೀರನಿಗೆ ನಿಜವಾಗಿಯೂ ಹೆದರಿಕೆಯಾಯಿತು. ಅವನು ಸೇವು ಒತ್ತುವ ಒರಳು ಕೆಳಗಿಟ್ಟು ಬಾಯಿ ತೆರೆದ.

"ಫಿಟ್ಸ್ ಬಂದವರು ಎದ್ದಮ್ಯಾಲ ಸುಸ್ತಾಗಿ ಮಲಗ್ತಾರ. ಇವು ಎದ್ದ ಕೂಡ್ಲೇ ಹುಲ್ಲ ತಿಂತಾವ. ಹುಲ್ಲ ಕಂಡಾಗಷ್ಟ ಬರೋ ಫಿಟ್ಸ್ ಯಾವೂರದ ಮಾರಾಯ್ತಿ?"

ಜನ್ನತಬಿ ಗಂಡನ ಮುಖವನ್ನೇ ನೋಡಿದಳು. "ಇಷ್ಟ ಮಾತ ಎಲ್ಲಿ ಇಟ್ಕೊಂಡಿದ್ರಿ?"

ಮರುದಿನ ಹೊಸ ಹುಲ್ಲು ಹಾಕಿ, ಉಳ್ಳಾಗಡ್ಡಿಯ ಕಡೆ ಹೋಗಬಾರದೆಂದು ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು ಕುಳಿತಳು. ಬೆಲ್ಲ ಹಾರಿತು, ಬಿತ್ತು. ಕಣ್ಣು ಮಿಣಮಿಣ ಎನ್ನುತ್ತಿತ್ತು, ಬಾಯಲ್ಲಿ ಆಗಲೇ ಹುಲ್ಲಿನ ಎಸಳು. ಕೊಬ್ಬರಿ ಹಾರಿತು. ಮತ್ತೆ ಬೆಲ್ಲ. ಕಾದ ಬಾಣಲೆಯಲ್ಲಿ ಗೋವಿನಜೋಳ ಸಿಡಿದು ಅರಳಾದಂತೆ ಒಂದಾದ ಮೇಲೊಂದು ಪಟ್, ಪಟ್.

"ಅಯ್ಯ! ಇವು ಕುಣ್ಯಾಕತ್ತಾವ್ರಿ! ಹಬ್ಬ ಮಾಡಾಕತ್ತಾವ! ನಾ ಹಬ್ಬದಾಗ ಉಳ್ಳಾಗಡ್ಡಿ ಹಿಡದೆ!"

ಆಕೆಯ ನಗೆ ಓಣಿಯ ಆ ತುದಿಗೆ ಕೇಳಿತು. ಅಂದಿನ ಖಾರಕ್ಕೆ ಉಪ್ಪು ಹದವಾಗಿ ಬಿತ್ತು.

ರಂಜನಾ ಹೆಣ್ಣುಕೂಸು ಹೆತ್ತಳು. ತನುಜಾ ಪೇಡೆ ಹಿಡಿದು ಬಂದಾಗ ಜನ್ನತಬಿ ಪೇಡೆ ಮುಟ್ಟಲಿಲ್ಲ. ಮೊದಲು ಪಂಜರವನ್ನು ಮುಂದಿಟ್ಟು, ಉಳ್ಳಾಗಡ್ಡಿಯ ಕಥೆಯನ್ನೆಲ್ಲ ಹೇಳಿದಳು. ತನುಜಾ ನಕ್ಕು ನಕ್ಕು ಕಟ್ಟೆಯ ಮೇಲೆ ಕುಸಿದಳು.

"ಮರಿ ಇದ್ದಾಗ ಖುಷಿಗೆ ಹಂಗ ಜಿಗೀತಾವಂತ ಅಂಗಡಿಯವ ಹೇಳಿದ್ದ. ನಿಮಗ ಹೇಳೋದ ಮರತೆ. ಚಾಚಿ, ಒಂದನ್ನ ನೀವ ಇಟ್ಕೊಂಡಬಿಡ್ರಿ."

ಜನ್ನತಬಿಯ ಕೈ ಕೊಬ್ಬರಿಯ ಬೆನ್ನ ಮೇಲೇ ಇತ್ತು. ಒಂದು ಗಳಿಗೆ ಅಲ್ಲೇ ಉಳಿಯಿತು.

"ಬ್ಯಾಡವಾ. ಒಂದ ಸೀಟಿ ಹೊಡದ್ರ ಜವಾಬ ಕೊಡಾಕ ಇನ್ನೊಂದ ಬೇಕು. ಅಗಲಿಸಿದ್ರ ಎರಡೂ ಬಾಯಿ ಮುಚ್ಚತಾವ. ನಡಿ, ನಿಮ್ಮನಿಗೆ ಮುಟ್ಟಿಸಿ ಬರ್ತೇನಿ."

ತನುಜಾಳ ಮನೆಯಲ್ಲಿ ಪಂಜರ ಇಟ್ಟದ್ದೇ ತಡ, ಮರಿಗಳು ಕಲ್ಲಾದವು. ಹುಲ್ಲು ಹಾಕಿದರೂ ಮಿಸುಕಲಿಲ್ಲ.

"ಯಾಕ್ರಿ ಚಾಚಿ? ಆರಾಮಿಲ್ಲೇನ?"

"ಜಾಗಾ ಬದಲಾತಲ್ಲ, ಅಂಜ್ಯಾವ. ಮಾತಾಡಬ್ಯಾಡ, ಸುಮ್ಕ ಕುಂದ್ರು."

ಹುಟ್ಟಿದಾಗಿನಿಂದ ಸುಮ್ಮನೆ ಕೂತು ಗೊತ್ತಿಲ್ಲದ ಜನ್ನತಬಿ ತುಟಿ ಬಿಗಿದು ಕುಳಿತಳು. ಕೊಬ್ಬರಿಯ ಮೂಗು ಮೊದಲು ಅಲುಗಿತು. ಆಮೇಲೆ ಬೆಲ್ಲ ಹೊರಬಂದು ಒಂದು ಕೊತ್ತಂಬರಿ ಕಡ್ಡಿ ಕಡಿಯಿತು, ಸುತ್ತ ನೋಡಿತು, ಮತ್ತೆ ಕಡಿಯಿತು. ಆಮೇಲೆ ಪಟ್ಟನೆ ಹಾರಿ, ಗಾಳಿಯಲ್ಲಿ ಮೈ ತಿರುಚಿ ಇಳಿಯಿತು.

"ಈಗ ಮುಟ್ಟಿತು ನೋಡವಾ ನಿನ್ನ ಅಮಾನತ್ತು," ಎಂದು ಜನ್ನತಬಿ ಎದ್ದು, ಸೆರಗು ಕೊಡವಿ, ತನ್ನ ಪಾಲಿನ ಪೇಡೆಗೆ ಕೈ ಚಾಚಿದಳು.