ಧೂಳಿಗೆ ಬೀಡಿ

ನಮ್ಮಪ್ಪ ಗಾಂಧಿ ಗಂಜದ ಧಾನ್ಯದ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದ. ಒಂದು ಲಾರಿ ತೊಗರಿ ಇಳಿಸಿದ ಮೇಲೆ ಹಮಾಲರೆಲ್ಲ ಕೂತು ಬೀಡಿ ಹಚ್ಚಬೇಕು, ಅದೇ ರೂಢಿ. ನಾನು ಬೇಡವೆಂದರೆ ಅಪ್ಪ ನಗುತ್ತಿದ್ದ: “ಎದಿಯಾಗಿನ ಧೂಳ ಬೀಡೀನೇ ಕೆಮ್ಮಿಸಿ ಹೊರಗ ಹಾಕ್ತದ.”

ಧೂಳನ್ನು ಹೊರದಬ್ಬುವ, ಶ್ವಾಸನಾಳದೊಳಗಿನ ಕೂದಲಿನಂಥ ಎಳೆಗಳನ್ನೇ ಹೊಗೆ ಸುಟ್ಟಿದೆ ಎಂದು ಡಾಕ್ಟರು ಹೇಳುವ ಹೊತ್ತಿಗೆ ಅವನಿಗೆ ಚಿದ್ರಿಯ ನಮ್ಮ ಮನೆಯ ಹೊಸ್ತಿಲು ದಾಟಲೂ ಉಸಿರು ಸಾಲುತ್ತಿರಲಿಲ್ಲ. ಕ್ವಿಂಟಲ್ ಚೀಲ ಹೊತ್ತ ಮನುಷ್ಯ! ಆಗಲೂ ಕೈ ದಿಂಬಿನಡಿ ಬೀಡಿ ತಡಕುತ್ತಿತ್ತು.

ಮಣ್ಣು ಮಾಡುವಾಗ ಅವನ ಜೊತೆಯ ಹಮಾಲನೊಬ್ಬ ಕುಣಿಯೊಳಗೆ ಬೀಡಿ ಕಟ್ಟು ಇಡಲು ಬಗ್ಗಿದ. ನಾನು ಸಿಟ್ಟಿನಿಂದ ಅವನ ಕೈ ಹಿಡಿದೆ. ಅವನು ಅಳುತ್ತ, ಕೆಮ್ಮುತ್ತಲೇ ಹೇಳಿದ: “ಇರ್ಲಿ ಬಿಡು ತಮ್ಮಾ. ಮಣ್ಣಾಗ ಮಲಗ್ಯಾನ, ಧೂಳ ಭಾಳ ಇರ್ತದ.”