ಮೇಷ್ಟರ ತೂಕವನ್ನು ನಂಬದ ಟೇಪಕ್ಕನವರು

ಶುಶ್ರೂಷಾ ವೃತ್ತಿಯಲ್ಲಿ ಹೆಸರು ಮಾಡಿದವರು ಅನೇಕರಿದ್ದಾರೆ. ಸೂಜಿ ಚುಚ್ಚಿದ್ದು ರೋಗಿಗೇ ತಿಳಿಯದಂಥ ಹಗುರ ಕೈಯವರು, ಬಾಗಿಲಲ್ಲಿ ನಿಂತರೆ ಸಾಕು ಇಡೀ ವಾರ್ಡು ತುಟಿ ಹೊಲಿದುಕೊಳ್ಳುವಂಥ ಗತ್ತಿನವರು, ವೈದ್ಯರ ಕೈಬರಹವನ್ನು ತಪ್ಪಿಲ್ಲದೆ ಓದಬಲ್ಲ ಪಂಡಿತರು. ಆದರೆ ರೋಗಿಯ ಹೊಟ್ಟೆಗೆ ಏನು ಹೋಯಿತು, ಹೋದದ್ದು ಮೈಗೆ ಹತ್ತಿತೇ, ಹತ್ತದಿದ್ದರೆ ದಾರಿಯಲ್ಲಿ ಎಲ್ಲಿ ತಪ್ಪಿಸಿಕೊಂಡಿತು ಎಂಬ ವಿಚಾರದ ಬೆನ್ನು ಹತ್ತಿ ಮೂವತ್ತಾರು ವರ್ಷ ಕಳೆದವರು ನಮ್ಮ ಆಸ್ಪತ್ರೆಯಲ್ಲಿ ಒಬ್ಬರೇ. ಸಮವಸ್ತ್ರದ ಜೇಬಿನಿಂದ ಸದಾ ಇಣುಕುತ್ತಿದ್ದ ಅಳತೆ ಪಟ್ಟಿಯ ದೆಸೆಯಿಂದ ವೈದ್ಯರಿಗೂ ಜಾಡಮಾಲಿಗೂ ಅವರು ಟೇಪಕ್ಕನೇ ಆದರು. ಆ ಹೆಸರನ್ನು ಪದವಿಯಂತೆ ಹೊತ್ತು ನಡೆದರು.

ನಮ್ಮ ಆಸ್ಪತ್ರೆಗೆ ಮೂರು ಅಂತಸ್ತು. ಕೆಳಗೆ ಶಿಶುಗಳು ಮತ್ತು ಬಾಣಂತಿಯರು, ನಡುವೆ ನಡುವಯಸ್ಸಿನವರು, ತುತ್ತತುದಿಯಲ್ಲಿ ವೃದ್ಧರು. ಮೆಟ್ಟಿಲು ಹತ್ತಲಾರದವರನ್ನೇ ಹುಡುಕಿ ಮೇಲಿಟ್ಟ ಮಹಾನುಭಾವರು ಯಾರೋ ತಿಳಿಯದು. ಟೇಪಕ್ಕನವರ ಸೇವೆಯೂ ಇದೇ ಕ್ರಮದಲ್ಲಿ ಅಂತಸ್ತು ಅಂತಸ್ತಾಗಿ ಏರಿತು.

ಶಿಶುಗಳ ಕೋಣೆಯಲ್ಲಿ ಅವರ ಮೊದಲ ಎದುರಾಳಿಗಳು ಅಜ್ಜಿಯರು. ಒಬ್ಬ ಅಜ್ಜಿ, ಮಗಳಿಗೆ ಹಾಲು ಸಾಲದೆಂದು ಬೀಗರು ಆಡಿಕೊಳ್ಳುತ್ತಾರೆಂಬ ಭಯದಿಂದ, ಮೊಮ್ಮಗುವನ್ನು ಎರಡು ಸ್ವೆಟರ್, ಕುಲಾವಿ, ಕಾಲುಚೀಲ ಮತ್ತು ದಪ್ಪ ಕಂಬಳಿಯ ಸಮೇತ ತಕ್ಕಡಿಯಲ್ಲಿ ಮಲಗಿಸಿ, ಅದೂ ಸಾಲದೆಂದು ತಟ್ಟೆಯ ಅಂಚನ್ನು ಕಿರುಬೆರಳಿನಿಂದ ಒತ್ತಿ ಹಿಡಿದಿದ್ದರು. ಟೇಪಕ್ಕನವರು ಅಂಕಿಯನ್ನು ನೋಡಿದರು, ಬೆರಳನ್ನು ನೋಡಿದರು, ಸಿಟ್ಟಾಗಲಿಲ್ಲ.

"ಅಜ್ಜಿ, ಕಂಬಳಿ ಚೆನ್ನಾಗಿ ಬೆಳೀತಿದೆ. ಈಗ ಮಗು ತೋರಿಸಿ" ಎಂದರು.

ಬರಿಮೈಯಲ್ಲಿ ತೂಗಿ, ಉದ್ದ ಅಳೆದು, ತಲೆಯ ಸುತ್ತಳತೆ ಹಿಡಿದು, ಎಲ್ಲವನ್ನೂ ಬೆಳವಣಿಗೆಯ ನಕ್ಷೆಯಲ್ಲಿ ಹಿಂದಿನ ತಿಂಗಳ ಚುಕ್ಕೆಗಳ ಪಕ್ಕ ಗುರುತಿಸಿದಾಗ ಮಗು ಇರಬೇಕಾದಲ್ಲೇ ಇತ್ತು. ದಿನಕ್ಕೆ ಎಷ್ಟು ಬಟ್ಟೆ ಒದ್ದೆ ಮಾಡುತ್ತದೆಂದು ಕೇಳಿದರು. "ಏಳೆಂಟು. ಒಗೆದೂ ಒಗೆದೂ ನನ್ನ ಸೊಂಟ ಬಿತ್ತು" ಎಂದರು ಅಜ್ಜಿ. "ಹಾಗಾದ್ರೆ ಹೊಟ್ಟೆಗೆ ಹಾಲು ಹೋಗ್ತಿದೆ ಅಂತಾಯ್ತು. ಇನ್ನು ಯಾರಾದ್ರೂ ಸಾಲದು ಅಂದ್ರೆ ಆ ಬಟ್ಟೆ ಅವರ ಕೈಗೆ ಕೊಟ್ಟು ಒಗೀರಿ ಅನ್ನಿ." ಆ ಅಜ್ಜಿ ನಗುತ್ತ ಹೊರಗೆ ಹೋದದ್ದನ್ನೂ, ಒಳಗೆ ಆ ಬಾಣಂತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದನ್ನೂ ಕಂಡವರಿದ್ದಾರೆ.

ಬಳಿಕ, ನಡುವಣ ಅಂತಸ್ತಿನಲ್ಲಿದ್ದಾಗ, ಅವರನ್ನು ಕೆಲವು ವರ್ಷ ಶಾಲೆಗಳ ತಪಾಸಣೆಗೆ ನಿಯೋಜಿಸಲಾಯಿತು. ಆಗ ಮಕ್ಕಳ ತೂಕವನ್ನು ಮೈದಾನದಲ್ಲಿ ಕೂಗಿ ಹೇಳುವ ಪದ್ಧತಿಯಿತ್ತು. ಒಬ್ಬರು ಕೂಗುವುದು, ಇನ್ನೊಬ್ಬರು ಬರೆದುಕೊಳ್ಳುವುದು, ಇಡೀ ತರಗತಿ ಕೇಳಿ ನಗುವುದು. ಟೇಪಕ್ಕನವರು ಹೋದ ಮೊದಲ ದಿನವೇ ತೂಕದ ಯಂತ್ರವನ್ನು ಗೋಡೆಯ ಕಡೆಗೆ ತಿರುಗಿಸಿದರು. ಬೆಳೆಯುವ ವಯಸ್ಸಿನಲ್ಲಿ ಬರೀ ತೂಕ ಏನನ್ನೂ ಹೇಳುವುದಿಲ್ಲ, ಎತ್ತರವೂ ವಯಸ್ಸೂ ಜೊತೆಗೂಡಿದರೆ ಮಾತ್ರ ಅದಕ್ಕೆ ಬಾಯಿ ಬರುತ್ತದೆ ಎಂದು ಮುಖ್ಯೋಪಾಧ್ಯಾಯರಿಗೆ ವಿವರಿಸಿದರು. ಎಂಟನೆಯ ತರಗತಿಯಲ್ಲಿ ಗೆಳತಿಯರು 'ಡ್ರಮ್ಮು' ಎಂದು ಕರೆಯುತ್ತಿದ್ದ ಹುಡುಗಿಯೊಬ್ಬಳು ಮಧ್ಯಾಹ್ನ ನೀರು ಕುಡಿದು ಕಾಲ ತಳ್ಳುತ್ತಿದ್ದಳು. ಟೇಪಕ್ಕನವರು ಅವಳ ಪಕ್ಕದ ಬೆಂಚಿನಲ್ಲಿ ಕುಳಿತು ಊಟವಾಯಿತೇ ಎಂದು ವಿಚಾರಿಸಿದರು.

"ಹಸಿವಿಲ್ಲ" ಎಂದಳು ಹುಡುಗಿ.

"ನಿನ್ನ ಹೊಟ್ಟೆ ಹಾಗೆ ಹೇಳ್ತಿಲ್ಲವಲ್ಲ. ನನಗೆ ಇಲ್ಲಿಗೇ ಕೇಳಿಸ್ತಿದೆ."

ತಪಾಸಣೆ ಮುಗಿಯುವವರೆಗೆ, ಹದಿನೈದು ದಿನ, ಆ ಹುಡುಗಿಗೆ ರಿಜಿಸ್ಟರು ಹಿಡಿಯುವ ಕೆಲಸ. ಕೆಲಸದವರಿಗೆ ಊಟವೂ ಇರಲೇಬೇಕಾದ್ದರಿಂದ ಟೇಪಕ್ಕನವರ ಡಬ್ಬಿಯಲ್ಲಿ ಪಾಲು. ಆ ಹುಡುಗಿ ಮುಂದೆ ದಾದಿಯಾಗಿ ಇದೇ ಆಸ್ಪತ್ರೆಗೆ ಬಂದಳು. ಈ ಲೇಖನವನ್ನು ಬೇರೆ ಯಾರಿಗೂ ಬಿಟ್ಟುಕೊಡದೆ ಹಟ ಹಿಡಿದು ಬರೆಯುತ್ತಿರುವವಳೂ ಅವಳೇ.

ಇನ್ನು ಮೂರನೆಯ ಅಂತಸ್ತು. ವೃದ್ಧರ ಪೋಷಣೆಯನ್ನು ಅಳೆಯುವುದು ಟೇಪಕ್ಕನವರ ಕೈಯಲ್ಲಿ ಒಂದು ಸೂಕ್ಷ್ಮ ವಿದ್ಯೆಯೇ ಆಗಿತ್ತು. ಬೆನ್ನು ಬಾಗಿದವರ ಎತ್ತರವನ್ನು ಮೊಣಕಾಲಿನಿಂದ ಹಿಮ್ಮಡಿಯವರೆಗೆ ಅಳೆದು ಲೆಕ್ಕ ಹಾಕುವರು. ಉಂಗುರ ಜಾರುತ್ತಿದೆಯೇ, ಹಲ್ಲಿನ ಸೆಟ್ಟು ಸಡಿಲವಾಯಿತೇ, ಬೆಲ್ಟಿಗೆ ಹೊಸ ತೂತು ಬಿದ್ದಿದೆಯೇ ಎಂದು ನೋಡುವರು. ವಾರಕ್ಕೊಮ್ಮೆ ಮೊಣಕಾಲ ಕೆಳಗಿನ ಮೀನಖಂಡಕ್ಕೆ ಟೇಪು ಸುತ್ತುವರು. ಆ ಟೇಪಿನಿಂದಲೇ ಹನ್ನೊಂದು ವರ್ಷದ ಹಿಂದೆ ಒಂದು ಜೀವ ಉಳಿಯಿತು.

ಆಗ ಅಲ್ಲಿ ನಿವೃತ್ತ ಡ್ರಿಲ್ ಮೇಷ್ಟರೊಬ್ಬರು ಪಿತ್ತಕೋಶದ ಕಲ್ಲಿಗೆಂದು ದಾಖಲಾಗಿದ್ದರು. ಬಂದ ದಿನ ನಲವತ್ತೆಂಟು ಕಿಲೋ. "ಐವತ್ತಾಗದೆ ನಾನು ಕತ್ತಿ ಮುಟ್ಟಲ್ಲ" ಎಂದು ಶಸ್ತ್ರವೈದ್ಯರು ಹೇಳಿದ್ದರು. ಪಕ್ಕದ ಹಾಸಿಗೆಯಲ್ಲಿ, ನಡುವಣ ಅಂತಸ್ತಿನಲ್ಲಿ ಜಾಗ ಸಾಲದೆ ಮೇಲೆ ಬಂದ, ಭಾರೀ ಮೈಯ ಲಾರಿ ಡ್ರೈವರ್. ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಮಾಯದೆ ಅವರಿಗೆ ಕಟ್ಟುನಿಟ್ಟಾದ ಪಥ್ಯ. ಮೇಷ್ಟರ ತಟ್ಟೆ ಮೂರು ಹೊತ್ತೂ ತೊಳೆದಿಟ್ಟಂತೆ ಖಾಲಿ. ತೂಕ ಎರಡನೆಯ ವಾರ ನಲವತ್ತೊಂಬತ್ತು, ಮೂರನೆಯ ವಾರ ಐವತ್ತರ ಮೇಲೆ ಮುನ್ನೂರು ಗ್ರಾಂ. ಡ್ರೈವರಿಗೆ ಮಾತ್ರ ಪಥ್ಯದ ಊಟ ಮಾಡಿಯೂ ಸಕ್ಕರೆ ಇಳಿಯದೆ, ವೈದ್ಯರು ಔಷಧಿ ಏರಿಸುತ್ತಲೇ ಇದ್ದರು.

ಶಸ್ತ್ರವೈದ್ಯರು ಸಂತೋಷದಿಂದ ಶುಕ್ರವಾರಕ್ಕೆ ದಿನ ಗೊತ್ತು ಮಾಡಿದರು. ಟೇಪಕ್ಕನವರಿಗೆ ಆ ಸಂತೋಷ ಬರಲಿಲ್ಲ. ಅವರ ಚೀಟಿಯಲ್ಲಿ ಮೇಷ್ಟರ ಮೀನಖಂಡ ಇಪ್ಪತ್ತೊಂಬತ್ತರಿಂದ ಇಪ್ಪತ್ತೆಂಟಕ್ಕೆ, ಅಲ್ಲಿಂದ ಇಪ್ಪತ್ತೇಳು ಸೆಂಟಿಮೀಟರಿಗೆ ಇಳಿದಿತ್ತು. ಪಾದದಲ್ಲಿ ನೀರು ತುಂಬಿ ತೂಕ ಏರಿರಬಹುದೇ ಎಂದು ಹೆಬ್ಬೆರಳಿನಿಂದ ಒತ್ತಿ ನೋಡಿದರು, ಗುಳಿ ಬೀಳಲಿಲ್ಲ.

"ಸಾರ್, ಮನುಷ್ಯ ಸಣ್ಣಗಾಗ್ತಾ ಆಗ್ತಾ ಭಾರ ಆಗೋದು ಹೇಗೆ?" ಎಂದು ಕೇಳಿದರು.

"ಯಂತ್ರ ಸುಳ್ಳು ಹೇಳಲ್ಲ, ಸಿಸ್ಟರ್."

"ಯಂತ್ರದ ಮೇಲೆ ನನಗೆ ಅನುಮಾನ ಇಲ್ಲ ಸಾರ್."

ಶಸ್ತ್ರವೈದ್ಯರನ್ನು ಕರೆದುಕೊಂಡು ಮೇಷ್ಟರ ಹಾಸಿಗೆಯ ಬಳಿ ಹೋಗಿ, ಬೇರೆಯವರಿಗೆ ಕಾಣದಂತೆ ಪರದೆ ಎಳೆದು, ಮೇಷ್ಟರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಮೆಲ್ಲಗೆ, ಆದರೆ ಖಚಿತವಾದ ಸ್ವರದಲ್ಲಿ, ನಿಂತಲ್ಲೇ ಕಾಲು ಎತ್ತಿ ಇಳಿಸುವಂತೆ ಆಜ್ಞೆ ಕೊಟ್ಟರು. ನಲವತ್ತು ವರ್ಷ ಡ್ರಿಲ್ ಮಾಡಿಸಿದ ದೇಹ ಆಜ್ಞೆಯನ್ನು ಮೀರಲಾರದು. ಮೇಷ್ಟರು ಎಡಗಾಲು ಎತ್ತಿದರು, ಖಣ್ ಎಂದಿತು. ಬಲಗಾಲು ಎತ್ತಿದರು, ಪೈಜಾಮದೊಳಗಿಂದ ದೊಡ್ಡದೊಂದು ಸ್ಪಾನರು ಜಾರಿ ಶಸ್ತ್ರವೈದ್ಯರ ಬೂಟಿನ ಮೇಲೆ ಬಿತ್ತು. ಹಿಂದೆಯೇ ಎಂಟು ಚಕ್ರದ ನಟ್ಟುಗಳು ಒಂದೊಂದಾಗಿ ಉದುರಿದವು. ಸೊಂಟಕ್ಕೆ ಟವೆಲಿನಿಂದ ಬಿಗಿದುಕೊಂಡಿದ್ದ ಸುತ್ತಿಗೆಯ ತಲೆಯನ್ನು ಮೇಷ್ಟರು ತಾವಾಗಿಯೇ ಬಿಚ್ಚಿ ಕೊಟ್ಟರು. ಪರದೆಯ ಆಚೆಯಿಂದ ಡ್ರೈವರ್ ದನಿ ಬಂತು:

"ಸಾರ್, ಅವೆಲ್ಲ ನನ್ನವು. ಸ್ವಲ್ಪ ಜೋಪಾನ."

ನಿಜವಾದ ತೂಕ ನಲವತ್ತಾರು. ಆ ತೂಕದಲ್ಲಿ, ಆ ನಿತ್ರಾಣದಲ್ಲಿ ಶುಕ್ರವಾರ ಮೇಜಿನ ಮೇಲೆ ಮಲಗಿಸಿದ್ದರೆ ಎಂದು ಯೋಚಿಸಿ ಶಸ್ತ್ರವೈದ್ಯರು ಶುಕ್ರವಾರದ ಪಟ್ಟಿಯಿಂದ ಆ ಹೆಸರನ್ನು ತಾವೇ ಹೊಡೆದುಹಾಕಿದರು. ವಿಚಾರಣೆಯಲ್ಲಿ ತಿಳಿದದ್ದು ಇಷ್ಟು: ಡ್ರೈವರ್ ಈ ಮೇಷ್ಟರ ಹಳೆಯ ವಿದ್ಯಾರ್ಥಿ. ಮೂರು ಹೊತ್ತೂ ಮೇಷ್ಟರು ತಮ್ಮ ತಟ್ಟೆಯನ್ನು ಅತ್ತ ಸರಿಸಿ ಖಾಲಿ ಮಾಡೆಂದು ಅಪ್ಪಣೆ ಕೊಡುತ್ತಿದ್ದರು. ಲಾರಿಯ ಸಾಮಾನನ್ನು ಕ್ಲೀನರ್ ಹುಡುಗನ ಕೈಯಲ್ಲಿ ತರಿಸಿದ್ದೂ ಅವರ ಅಪ್ಪಣೆಯಿಂದಲೇ.

"ಮೇಷ್ಟ್ರು ಹೇಳಿದ್ಮೇಲೆ ಮುಗೀತು, ಸಿಸ್ಟರ್. ಐವತ್ತು ವರ್ಷ ಆಯ್ತು ನನಗೆ, ಇವತ್ತಿಗೂ ಅವರು ಕೆಮ್ಮಿದ್ರೆ ನಾನು ನೆಟ್ಟಗೆ ಕೂರ್ತೀನಿ" ಎಂದರು ಡ್ರೈವರ್. ಬಳಿಕ ದನಿ ತಗ್ಗಿಸಿ, "ಪಾಸಾಗೋಕೆ ಐವತ್ತು ಬೇಕಿತ್ತಂತೆ. ಪರೀಕ್ಷೆಯಲ್ಲಿ ನಾನು ಕಾಪಿ ಹೊಡೆದಾಗ ಮೈದಾನ ಸುತ್ತಿಸಿದ್ದೋರು ಇವರೇ" ಎಂದು ಸೇರಿಸಿದರು.

ಬೇರೆಯವರಾಗಿದ್ದರೆ ಇಬ್ಬರಿಗೂ ಬೈದು ಅಲ್ಲಿಗೇ ಕೈ ತೊಳೆದುಕೊಳ್ಳುತ್ತಿದ್ದರು. ಟೇಪಕ್ಕನವರನ್ನು ಕಾಡಿದ್ದು, ಮೇಷ್ಟರು ತಿನ್ನದಿರುವುದಾದರೂ ಏಕೆ ಎಂಬುದು. ಮಧ್ಯಾಹ್ನ ವಾರ್ಡು ಮಲಗಿದ್ದಾಗ ಹೋಗಿ ಹಾಸಿಗೆಯ ಪಕ್ಕ ಸುಮ್ಮನೆ ಕುಳಿತರು. ಮೇಷ್ಟರೇ ಬಾಯಿ ತೆರೆದರು. ಹಿಂದಿನ ವರ್ಷ ಸಣ್ಣದಾಗಿ ಪಾರ್ಶ್ವವಾಯು ತಾಗಿ, ತುಟಿಯ ಎಡಮೂಲೆ ಸಡಿಲವಾಗಿತ್ತು.

"ತುತ್ತು ಅರ್ಧ ಹೊರಗೆ ಬರುತ್ತೆ, ಸಿಸ್ಟರ್. ನೀರು ಕುಡಿದ್ರೆ ಕೆಮ್ಮು. ಸಾಲಾಗಿ ಕೂರಿಸಿ, ಚೆಲ್ಲದೆ ತಿನ್ನಿ ಅಂತ ಸಾವಿರ ಮಕ್ಕಳಿಗೆ ಹೇಳ್ದೋನು ನಾನು. ಪಕ್ಕದಲ್ಲಿರೋ ಆ ಶಿಷ್ಯನೆದುರು ಹೇಗೆ ತಿನ್ನಲಿ?"

ಮರುದಿನದಿಂದ ಊಟದ ಹೊತ್ತಿಗೆ ಆ ಹಾಸಿಗೆಯ ಸುತ್ತ ಪರದೆ ಬಿತ್ತು. ಮೆದುವಾದ ಅನ್ನ, ಮಸೆದ ಬೇಳೆ, ಗಟ್ಟಿ ಮೊಸರು, ಮಂದಗೊಳಿಸಿದ ಸೂಪು. ಪ್ರತಿ ತುತ್ತೂ ಬಲಗೆನ್ನೆಗೆ, ಗದ್ದ ಎದೆಯ ಕಡೆಗೆ ಬಾಗಿಸಿ ನುಂಗುವುದು. ಟೇಪಕ್ಕನವರು ತಮ್ಮ ಡಬ್ಬಿಯನ್ನೂ ಅಲ್ಲೇ ತಂದು, ಅರ್ಧ ಬೆನ್ನು ತಿರುಗಿಸಿ ಕುಳಿತು, ಕೆಮ್ಮಿಗೆ ಕಿವಿಗೊಡುತ್ತ, ಆಸ್ಪತ್ರೆಯ ಲಿಫ್ಟು ಕೆಟ್ಟ ಕಥೆಗಳನ್ನು ಹೇಳುತ್ತ ಉಣ್ಣುತ್ತಿದ್ದರು. ಚೆಲ್ಲಿದ್ದನ್ನು ನೋಡಲಿಲ್ಲ, ಉಳಿದದ್ದನ್ನು ಮಾತ್ರ ಬರೆದುಕೊಂಡರು. ಏಳು ವಾರಕ್ಕೆ ಮೇಷ್ಟರು ಬರೀ ಬನಿಯನ್ ಮತ್ತು ಪಂಚೆಯಲ್ಲಿ ಐವತ್ತು ಕಿಲೋ ನೂರು ಗ್ರಾಂ ತೂಗಿದರು. ಶಸ್ತ್ರಚಿಕಿತ್ಸೆ ಸುಸೂತ್ರವಾಯಿತು. ಎರಡನೆಯ ತಟ್ಟೆ ನಿಂತ ಮೇಲೆ ಡ್ರೈವರ್ ಸಕ್ಕರೆಯೂ ಇಳಿದು, ಹುಣ್ಣು ಮಾಯಿತು. ಆತನಿಗೆ ಪಥ್ಯ ಮುರಿಯದಂತೆ ಅಪ್ಪಣೆ ಕೊಡುವ ಕೆಲಸವನ್ನು ಟೇಪಕ್ಕನವರು ಮೇಷ್ಟರಿಗೇ ವಹಿಸಿದ್ದರು.

ಕಳೆದ ತಿಂಗಳ ಬೀಳ್ಕೊಡುಗೆಯ ಸಭೆ ಮುಖ್ಯ ಅತಿಥಿಗಳ ಸಮೇತ ನಲವತ್ತು ನಿಮಿಷ ಕಾಯಿತು. ಟೇಪಕ್ಕನವರು ಮೇಲಿನ ಅಂತಸ್ತಿನಲ್ಲಿ, ಹಿಂದಿನ ದಿನ ದಾಖಲಾಗಿದ್ದ ಅಜ್ಜಿಯೊಬ್ಬರು ಉಣ್ಣುವುದನ್ನು ನೋಡುತ್ತ ನಿಂತಿದ್ದರು. ಕೊನೆಗೂ ವೇದಿಕೆಗೆ ಬಂದು, ಹಾರವನ್ನು ಮೇಜಿನ ಮೇಲಿಟ್ಟು, ಮೈಕಿನ ಮುಂದೆ ಆಡಿದ್ದು ಇಷ್ಟೇ: "ಮೂರನೇ ಹಾಸಿಗೆಯ ಅಜ್ಜಿ ಅರ್ಧ ತಟ್ಟೆ ತಿಂದಿದ್ದಾರೆ. ಉಳಿದರ್ಧ ಯಾಕೆ ಬಿಟ್ರು ಅಂತ ನಾಳೆ ಯಾರಾದ್ರೂ ಕೇಳಿ. ನಮಸ್ಕಾರ."

ಮರುದಿನ ಬೆಳಿಗ್ಗೆ ನಾವು ಆರು ಮಂದಿ ದಾದಿಯರು, ಒಬ್ಬರಿಗೊಬ್ಬರು ಹೇಳಿಕೊಳ್ಳದೆ, ಮೂರನೆಯ ಹಾಸಿಗೆಯ ಬಳಿ ಒಟ್ಟಾದೆವು. ಅಷ್ಟು ಜನರನ್ನು ಕಂಡು ಹೆದರಿದ ಅಜ್ಜಿ "ಉಪ್ಪಿಲ್ಲ ಕಣ್ರಮ್ಮ" ಎಂದರು.

ಸನ್ಮಾನ್ಯ ಟೇಪಕ್ಕನವರು ಆರೋಗ್ಯದಿಂದ, ಹೊತ್ತಿಗೆ ಸರಿಯಾಗಿ ಉಂಡು, ದೀರ್ಘಕಾಲ ಬಾಳಲಿ. ಮಂಗಳವಾರಗಳಂದು ಶುಶ್ರೂಷಾ ಶಾಲೆಯಲ್ಲಿ ಪಾಠ ಹೇಳಲು ಒಪ್ಪಿರುವ ಅವರ ಮುಂದೆ ಹೊಸ ಹೊಸ ಕಣ್ಣುಗಳು ತೆರೆದುಕೊಳ್ಳಲಿ. ಇನ್ನು ವಾರದ ಉಳಿದ ಆರು ದಿನವೂ ತಟ್ಟೆಯನ್ನು ಪರೀಕ್ಷೆಗೆ ಒಪ್ಪಿಸಬೇಕಾಗಿ ಬಂದಿರುವ ಅವರ ಯಜಮಾನರಿಗೆ ಸಹನೆಯೂ ಹಸಿವೂ ಸಮೃದ್ಧವಾಗಿರಲಿ.