ಕೊಟ್ಟ ‘ನೀನು’

ರೋಸ್ವಿಟಾ ಲೋಮಾನ್ ಸುಲಭಕ್ಕೆ ಯಾರಿಗೂ ‘ನೀನು’ ಕೊಡುವವಳಲ್ಲ. ನಮ್ಮ ಕಾಸೆಲ್ ಪಟ್ಟಣದ ಈಜುಕೊಳದಲ್ಲಿ ಟಿಕೆಟ್ ಹರಿಯುತ್ತಲೇ ತಲೆ ನರೆತವಳು. ಪಕ್ಕದ ಕುರ್ಚಿಯಲ್ಲಿ ವರ್ಷಗಟ್ಟಲೆ ಕೂತವಳಿಗೂ ಕೊನೆಯ ದಿನದವರೆಗೆ ‘ನೀವು’ ಅಂದವಳು. ನಮ್ಮ ಕಡೆ ಅದು ಬಿಗುಮಾನವಲ್ಲ, ಮರ್ಯಾದೆ. ‘ನೀನು’ ಅನ್ನುವುದನ್ನು ಹಿರಿಯರು ಕಿರಿಯರಿಗೆ, ಹೆಂಗಸು ಗಂಡಸಿಗೆ ಕೊಡಬೇಕು. ಕೊಟ್ಟಮೇಲೆ ಮುಗಿಯಿತು, ವಾಪಸ್ಸು ಕೇಳುವಂತಿಲ್ಲ.

ಗಂಡ ಗೆರ್ನೋಟ್‌ಗೆ ಅವಳು ಅದನ್ನು ಕೊಟ್ಟದ್ದು ವಿಯೆನ್ನಾದಲ್ಲಿ. ಹಾಡುವ ಸಂಘದ ಪ್ರವಾಸ, ಉದ್ಯಾನದ ಚೆಸ್ಟ್‌ನಟ್ ಮರದ ಕೆಳಗೊಂದು ಬೆಂಚು. ಅವನ ಕಿವಿ ಕೆಂಪಾಗಿತ್ತು. ಆಮೇಲೆ ಮದುವೆ, ಸಂಸಾರ. ಈಗ ಇಬ್ಬರಿಗೂ ಪಿಂಚಣಿ. ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್ ಎಂದು ಶರತ್ಕಾಲದ ಬಸ್ ಪ್ರವಾಸ ಹೊರಟಾಗ ಅವಳು ಕೇಳಿದ್ದು ಒಂದೇ.

“ಅರಮನೆ, ಚರ್ಚು ಎಲ್ಲ ನಿನ್ನಿಷ್ಟ. ಆ ಬೆಂಚಿನ ಮೇಲೆ ಮಾತ್ರ ನಾವಿಬ್ರೇ ಸ್ವಲ್ಪ ಹೊತ್ತು ಕೂರ್ಬೇಕು.”

“ಆಯ್ತು ಕಣೇ,” ಅಂದಿದ್ದ.

ಅಂದವನು ಪ್ರಾಗ್‌ನಲ್ಲೇ ಎಡವಟ್ಟು ಮಾಡಿಕೊಂಡ. ಬಸ್ಸಿನ ಹಿಂದಿನ ಸೀಟಿನವರು ಓರ್ಟ್‌ವಿನ್ ಮತ್ತವನ ಹೆಂಡತಿ ಇರ್ಮ್‌ಟ್ರಾಟ್. ಅವರೊಡನೆ ಎರಡನೇ ಬಿಯರ್ ಒಳಗೆ ಹೋದದ್ದೇ ತಡ, ಗೆರ್ನೋಟ್ ಗ್ಲಾಸೆತ್ತಿ, “ನೀವು ಗೀವು ಯಾಕಪ್ಪಾ? ಇನ್ಮೇಲೆ ನಾವು ನಾಲ್ಕೂ ಜನ ನೀನು ಅಂತಲೇ ಕರ್ಕೊಳ್ಳೋಣ!” ಅಂದುಬಿಟ್ಟ. ರೋಸ್ವಿಟಾ ಮೇಜಿನ ಕೆಳಗೆ ಅವನ ಕಾಲಿಗೆ ಒದ್ದಳು. ಏನು ಬಂತು? ಆಡಿ ಆಗಿತ್ತು.

ಅಲ್ಲಿಂದ ಶುರುವಾಯಿತು ನೋಡಿ ಗ್ರಹಚಾರ. ತಿಂಡಿಗೆ ಕೂತರೆ ಅವರು, ಸೇತುವೆಯ ಮೇಲೆ ನಿಂತರೆ ಅವರು. “ಎಲ್ಲಿ ತಪ್ಪಿಸ್ಕೊಂಡೆ ರೋಸಿ? ನಿಂಗೂ ಜಾಗ ಹಿಡ್ದಿದೀನಿ ಬಾರೇ!” ಎಂದು ಇರ್ಮ್‌ಟ್ರಾಟ್ ದೂರದಿಂದಲೇ ಕೂಗುವಳು. ರೋಸಿಯಂತೆ! ಹೆತ್ತ ತಾಯಿಯೂ ಹಾಗೆ ಕರೆದಿರಲಿಲ್ಲ. ‘ನೀವು’ ಅನ್ನುವವರಿಂದ ಒಂದು ‘ಕ್ಷಮಿಸಿ’ ಹೇಳಿ ನಯವಾಗಿ ಜಾರಿಕೊಳ್ಳಬಹುದು, ‘ನೀನು’ ಅಂದವರ ಮುಖಕ್ಕೆ ಬಾಗಿಲು ಹಾಕುವುದು ಹೇಗೆ? ಬಸ್ಸಿನಲ್ಲಿ ನಿದ್ದೆ ನಟಿಸಿದರೂ ಹಿಂದಿನಿಂದ ಭುಜ ತಟ್ಟಿ ಬಿಸ್ಕತ್ತು ಕೊಡುವರು.

“ನಾಳೆ ವಿಯೆನ್ನಾದಲ್ಲಿ ನಾವಿಬ್ರೇ ಅಂತ ಅವ್ರಿಗೆ ಹೇಳು.”

“ಬೇಜಾರು ಮಾಡ್ಕೊಳ್ತಾರೆ ಕಣೇ. ಹೆಂಗೆ ಹೇಳ್ಲಿ?”

ಹೇಳಲಿಲ್ಲ, ಮಹಾರಾಯ.

ಬೆಂಚು ಅಲ್ಲೇ ಇತ್ತು, ಮೈತುಂಬ ಹಳದಿ ಎಲೆ ಹೊತ್ತುಕೊಂಡು. ಇಬ್ಬರೂ ಕೂತರೋ ಇಲ್ಲವೋ, “ಅಯ್ಯೋ, ಇಲ್ಲಿದೀರಾ!” ಎಂದು ಅವರು ಹಾಜರ್. ಗೆರ್ನೋಟ್ ತುದಿಗೆ ಸರಿದು ನಡುವೆ ಜಾಗ ಮಾಡಿಕೊಟ್ಟ. ಅವನೇ, ಕೈಯಾರೆ!

ರೋಸ್ವಿಟಾ ಎದ್ದು ನಿಂತಳು.

“ಲೋಮಾನ್ ಅವರೇ,” ಎಂದಳು ಗಂಡನಿಗೆ, ಟಿಕೆಟ್ ಕಿಟಕಿಯ ಅದೇ ದನಿಯಲ್ಲಿ, “ನೀವು ನಿಮ್ಮ ಗೆಳೆಯರ ಜೊತೆ ಆರಾಮಾಗಿ ಕೂತ್ಕೊಳ್ಳಿ.”

ಇರ್ಮ್‌ಟ್ರಾಟ್ ಕಿಲಕಿಲ ನಕ್ಕಳು. ಗೆರ್ನೋಟ್ ನಗಲಿಲ್ಲ. ಅವನ ಕಿವಿ ಕೆಂಪಾಯಿತು. ಎದ್ದು ಬಂದು, ಟೋಪಿ ಕೈಯಲ್ಲಿ ಹಿಡಿದು ಅವಳೆದುರು ನಿಂತ. ‘ಬಾ’ ಅನ್ನಲು ಅವನಿಗೆ ಧೈರ್ಯ ಸಾಲಲಿಲ್ಲ.

“ನನ್ನ ಜೊತೆ... ಆ ಕಡೆ ಸ್ವಲ್ಪ ನಡೆದು ಬರ್ತೀರಾ?”

ಅವಳ ಕಣ್ಣು ತುಂಬಿತು. ಕೊಡಬೇಕಾದವಳು ಅವಳೇ, ಕೊಡೋಣವೆಂದೇ ಬಾಯಿ ತೆರೆದಳು.

“ಇದೇನ್ರೋ ಹೊಸ ಆಟ! ನಡೀರಿ, ನಾವೂ ಬಂದ್ವಿ!” ಓರ್ಟ್‌ವಿನ್ ಮಧ್ಯೆ ನುಗ್ಗಿ ಇಬ್ಬರ ತೋಳಿಗೂ ತೋಳು ಸಿಕ್ಕಿಸಿಕೊಂಡ. ನಾಲಿಗೆ ತುದಿಗೆ ಬಂದಿದ್ದ ‘ನೀನು’ವನ್ನು ನುಂಗಿಕೊಂಡು ರೋಸ್ವಿಟಾ ಓರ್ಟ್‌ವಿನ್ ಎಳೆದತ್ತ ಹೆಜ್ಜೆ ಹಾಕಿದಳು.